ಹಾಲಿನವನ ಮುಂದೆ ತಲೆ ತಗ್ಗಿಸಿದ ದೀಪ

ತಾಯಂದಿರೆ, ಹಿರಿಯರೆ, ಬೆಳಕು ಎಂದರೇನು ಎಂದು ಇಷ್ಟು ಹೊತ್ತು ವಿಚಾರ ಮಾಡಿದೆವು. ಹಿಂದಿನ ಸಾಲಿನಲ್ಲಿ ಕೆಲವರು ಆಕಳಿಸುವುದು ಇಲ್ಲಿಂದ ಕಾಣುತ್ತಿದೆ. ತಪ್ಪಲ್ಲ. ತತ್ವ ಕೇಳಿದರೆ ಆಕಳಿಕೆ ಬರುತ್ತದೆ, ಕಥೆ ಕೇಳಿದರೆ ಹೋಗುತ್ತದೆ. ಆದ್ದರಿಂದ ಒಂದು ಕಥೆ ಕೇಳಿ.

ಒಂದು ಊರು. ಊರ ಮುಂದೆ ಒಂದು ಹಳ್ಳ, ಹಳ್ಳಕ್ಕೊಂದು ಸೇತುವೆ, ಊರ ತುಂಬಾ ಮೆಣಸಿನಕಾಯಿ. ಆ ಮೆಣಸಿನಕಾಯಿಯನ್ನೆಲ್ಲ ಕೊಳ್ಳುವವನು ಒಬ್ಬನೇ ಸಾಹುಕಾರ. ಹೆಸರು ಬೇಕೆ? ಅಡಿವೆಪ್ಪ ಎಂದಿಟ್ಟುಕೊಳ್ಳೋಣ. ನಿಮ್ಮಲ್ಲಿ ಯಾರಾದರೂ ಅಡಿವೆಪ್ಪ ಇದ್ದರೆ ಬೇಸರ ಮಾಡಿಕೊಳ್ಳಬೇಡಿ, ಅವನು ನೀವಲ್ಲ. ಅಡಿವೆಪ್ಪ ಅಲ್ಲದವರು ಮಾತ್ರ ಸ್ವಲ್ಪ ಎಚ್ಚರದಿಂದ ಕೇಳಿ.

ಈ ಅಡಿವೆಪ್ಪ ಕೆಟ್ಟವನೇ? ಅಲ್ಲ. ತೂಕದಲ್ಲಿ ಮೋಸವಿಲ್ಲ, ಕುಡಿತವಿಲ್ಲ, ಹೆಂಡತಿ ಮಗಳೆಂದರೆ ಪ್ರಾಣ. ಅವನಿಗಿದ್ದದ್ದು ಒಂದೇ ತೊಂದರೆ. ಯಾರಿಗೂ ಮೊದಲು ಕೈ ಮುಗಿಯುತ್ತಿರಲಿಲ್ಲ. ಎದುರಿನವರು ಮುಗಿಯಲಿ, ಆಮೇಲೆ ನೋಡೋಣ ಎನ್ನುವ ಆಸಾಮಿ. ಒಮ್ಮೆ ಒಂದು ಮದುವೆಯಲ್ಲಿ ಅವನಂಥವನೇ ಇನ್ನೊಬ್ಬ ಎದುರಾದ. ಯಾರು ಮೊದಲು ಕೈ ಮುಗಿಯಬೇಕೆಂದು ಇಬ್ಬರೂ ಕಾಯುತ್ತಾ ನಿಂತರು. ಅಕ್ಕಿಕಾಳು ಬಿತ್ತು, ಪಂಕ್ತಿ ಕೂತಿತು, ಪಂಕ್ತಿ ಎದ್ದಿತು, ಶಾಮಿಯಾನದವರು ಬಂದು ಬಟ್ಟೆ ಬಿಚ್ಚತೊಡಗಿದರು. ಇವರಿಬ್ಬರೂ ಅಲ್ಲೇ. ಕಡೆಗೆ ಇಬ್ಬರೂ ಉಪವಾಸ ಮನೆಗೆ ಹೋದರು.

ಇವನಿಗೆ ಒಬ್ಬಳೇ ಮಗಳು, ವಿಶಾಲಾಕ್ಷಿ. ಹೈಸ್ಕೂಲಿನಲ್ಲಿ ಟೀಚರು, ಒಳ್ಳೆಯ ಹುಡುಗಿ. ಸಂಬಂಧಗಳು ಬರುತ್ತಿದ್ದವು, ಬಂದ ದಾರಿಯಲ್ಲೇ ಹೋಗುತ್ತಿದ್ದವು. ಬಂದವರು ಜಗಲಿ ಹತ್ತಿದಾಗ ಅಪ್ಪ ಏಳುತ್ತಿರಲಿಲ್ಲ, ‘ಬರ್ರಿ’ ಎನ್ನುತ್ತಿರಲಿಲ್ಲ. ಅವರು ಚಹಾ ಕುಡಿದು, ತಿಳಿಸುತ್ತೇವೆ ಎಂದು ಹೋದವರು ತಿಳಿಸುತ್ತಲೇ ಇರಲಿಲ್ಲ. ಪ್ರತಿ ಸಲವೂ ವಿಶಾಲಾಕ್ಷಿ ರೇಷ್ಮೆ ಸೀರೆ ಮಡಚಿ ಒಳಗಿಡುತ್ತಿದ್ದಳು.

ಹೀಗಿರುವಾಗ ಅಡಿವೆಪ್ಪ ಹೊಸ ಕಾರು ಕೊಳ್ಳಲು ಹುಬ್ಬಳ್ಳಿಗೆ ಹೋದ. ಶೋರೂಮಿನಲ್ಲಿ ಒಬ್ಬ ಹುಡುಗಿ ಕಾರಿನ ಗುಣಗಾನ ಮಾಡಿದಳು. ಇಂಜಿನ್ನು, ಸೀಟು ಎಲ್ಲ ಆಯಿತು. ಕಡೆಗೆ ದೀಪದ ಮುಂದೆ ನಿಂತಳು.

“ಸರ್, ಇದು ಬರೇ ಹೆಡ್‌ಲೈಟ್ ಅಲ್ರೀ. ಇದರೊಳಗ ಸಣ್ಣ ಸಣ್ಣ ದೀಪ ಸಾಲಾಗಿ ಅದಾವು. ಒಂದೊಂದನ್ನೂ ಬ್ಯಾರೆ ಬ್ಯಾರೆ ಹಚ್ಚಬಹುದು, ಆರಸಬಹುದು. ಮುಂದಿನ ಗಾಜಿನ ಮ್ಯಾಲ, ಕನ್ನಡಿ ಹಿಂದ ಒಂದು ಕ್ಯಾಮೆರಾ ಐತಿ ನೋಡ್ರಿ. ಎದುರಿಂದ ಗಾಡಿ ಬಂದ್ರ ಅದಕ್ಕ ಕಾಣತೈತಿ. ಆ ಗಾಡಿಯವರ ಕಣ್ಣಿಗೆ ಹೊಡಿಯೋ ದೀಪ ಅಷ್ಟ ಆರತಾವು, ಉಳದವು ಹಂಗ ಉರೀತಾವು. ನಿಮಗ ದಾರಿ ಪೂರಾ ಕಾಣತೈತಿ, ಅವರಿಗೆ ಕಣ್ಣು ಕುಕ್ಕಂಗಿಲ್ಲ.”

“ಮತ್ತ?” ಎಂದ ಅಡಿವೆಪ್ಪ.

“ನೀವು ಸ್ಟೇರಿಂಗ್ ಹೊಳ್ಳಿಸಿದ್ರ ದೀಪಾನೂ ಆ ಕಡೆ ಹೊಳ್ಳತೈತಿ. ಗಾಡಿಗಿಂತ ಮೊದಲ ತಿರುವು ನೋಡತೈತಿ. ಇನ್ನ ಹಿಂದ ಡಿಕ್ಕಿಯೊಳಗ ಭಾರ ಹಾಕಿದ್ರ ಗಾಡಿ ಮೂತಿ ಮ್ಯಾಲ ಏಳತೈತಲ್ರೀ, ಆವಾಗ ದೀಪ ತಾನ ಕೆಳಗ ಬಾಗತೈತಿ.”

ಅಡಿವೆಪ್ಪ ಇಷ್ಟೂ ಕೇಳಿದ. ತಲೆಗೆ ಹೋದದ್ದು ಒಂದೇ ಮಾತು. ಈ ದೀಪಕ್ಕೆ ಬುದ್ಧಿ ಇದೆ, ಊರಲ್ಲಿ ಬೇರೆ ಯಾರ ದೀಪಕ್ಕೂ ಇಲ್ಲ. ಸಾಕಲ್ಲ? ಕೊಂಡೇಬಿಟ್ಟ.

ಊರಿಗೆ ಹೊರಟಾಗ ಹೊತ್ತು ಮುಳುಗಿತ್ತು. ಗಾಡಿ ನಡೆಸುತ್ತಿದ್ದವನು ಅವನ ಹಳೆಯ ಡ್ರೈವರ್ ಮಾಬುಸಾಬ. ದೀಪ ಹೊತ್ತಿದ ಕೂಡಲೇ ರಸ್ತೆಯ ಮೇಲೆ ಬಿಳಿ ಚಾದರ ಹಾಸಿದಂತಾಯಿತು. ದೂರದ ಬೇವಿನ ಮರದ ಎಲೆ ಎಲೆ ಕಾಣುತ್ತಿದೆ. ಅಡಿವೆಪ್ಪನ ಎದೆ ಉಬ್ಬಿತು. ಅಷ್ಟರಲ್ಲಿ ಎದುರಿಗೆ ಒಂದು ಚಿಕ್ಕ ದೀಪ ಮಿಣುಕಿತು. ಮಿಣುಕಿದ್ದೇ ತಡ, ಇವನ ಬಿಳಿ ಚಾದರದಲ್ಲಿ ಒಂದು ಕಡೆ ಕತ್ತರಿಸಿ ತೆಗೆದಂತೆ ಕತ್ತಲಾಯಿತು. ಆ ಕತ್ತಲೆಯ ತುಂಡು ಎದುರಿನ ದೀಪದ ಜೊತೆಜೊತೆಗೇ ಸರಿಯುತ್ತಾ ಬಂದು, ಅದು ದಾಟಿ ಹೋದ ಮೇಲೆ ಮತ್ತೆ ಬೆಳಕಾಗಿ ಕೂಡಿಕೊಂಡಿತು.

“ಏನಾತೋ ಮಾಬು? ದೀಪ ಕೆಟ್ಟತೇನು?”

“ಇಲ್ರೀ ಸಾವ್ಕಾರ್ರ. ಎದುರಿಗೆ ಗಾಡಿ ಬಂತಲ್ರೀ. ದೀಪ ತಲಿ ತಗ್ಗಿಸ್ತು.”

“ಯಾರು ಬಂದಿದ್ರು?”

“ಹಾಲಿನ ಈರಪ್ಪ. ಮೊಪೆಡ್ ಮ್ಯಾಲ ಕ್ಯಾನ್ ಕಟಗೊಂಡು ಹೊಂಟಿದ್ದ.”

ನೋಡಿ, ಈ ಮಾತು ಎಲ್ಲಿಗೆ ನಾಟಿತು ಎಂದು ನೋಡಿ. ಮಾಬುಸಾಬ ಸಹಜವಾಗಿ ಹೇಳಿದ. ಅಡಿವೆಪ್ಪನ ಕಿವಿಯಲ್ಲಿ ಅದು ಊರವರೆಗೂ ಗುಂಯ್‌ಗುಡುತ್ತಲೇ ಇತ್ತು. ತನ್ನ ಕಾರು. ತನ್ನ ದೀಪ. ಹಾಲಿನ ಈರಪ್ಪನ ಮುಂದೆ ತಲೆ ತಗ್ಗಿಸಿತು. ಈರಪ್ಪ ಏನಂದುಕೊಂಡಿರಬೇಕು? ಸಾಹುಕಾರ ಇಷ್ಟು ವರ್ಷಕ್ಕೆ ದಾರಿಗೆ ಬಂದ ಎಂದುಕೊಂಡಿರಬೇಕು. ಪಾಪ, ಈರಪ್ಪನಿಗೆ ಇದಾವುದೂ ಗೊತ್ತಿಲ್ಲ. ಅವನು ಹಾಲು ಒಡೆಯುವುದರೊಳಗೆ ಡೈರಿ ಮುಟ್ಟಬೇಕೆಂದು ಹೊರಟಿದ್ದ.

ಮರುದಿನದಿಂದ ಅಡಿವೆಪ್ಪನಿಗೆ ಅದೇ ಕೆಲಸ. ಸಂಜೆಯಾದರೆ ಸಾಕು, ಕಾರು ಹತ್ತಿ ಆ ರಸ್ತೆಯಲ್ಲಿ ಓಡಾಡುವುದು, ದೀಪ ಯಾರು ಯಾರಿಗೆ ಬಾಗುತ್ತದೆ ಎಂದು ನೋಡುವುದು. ತನ್ನ ಗೋದಾಮಿನ ಹಮಾಲನ ಬೈಕಿಗೆ ಬಾಗಿತು. ಕುರಿ ತುಂಬಿದ ಟೆಂಪೋಗೆ ಬಾಗಿತು. ಒಂದು ದಿನ ಶಾಸಕರ ಕಾರು ಬಂತು. ಅಡಿವೆಪ್ಪ ಮುಂದಕ್ಕೆ ಬಾಗಿ ಕಣ್ಣರಳಿಸಿ ನೋಡಿದ. ಬಾಗಿತು, ಆದರೆ ಈರಪ್ಪನಿಗೆ ಬಾಗಿದಷ್ಟೇ ಬಾಗಿತು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನಿಗೆ ನಿಜವಾಗಿ ತಡೆಯಲಾಗದೆ ಹೋದದ್ದು ಇದು. ಶಾಸಕರಿಗೆ ಒಂದಿಷ್ಟು ಜಾಸ್ತಿ, ಈರಪ್ಪನಿಗೆ ಸ್ವಲ್ಪ ಕಡಿಮೆ ಬಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದ. ಸಮಸಮ ಎಂದರೆ ಹೇಗೆ?

ಮತ್ತೆ ಶೋರೂಮಿಗೆ ಹೋದ. “ತಂಗಿ, ಯಾರ ಮುಂದ ತಗ್ಗಬೇಕು, ಯಾರ ಮುಂದ ತಗ್ಗಬಾರದು ಅಂತ ದೀಪಕ್ಕ ಹೇಳಿಕೊಡಾಕ ಬರತೈತೇನು?”

ಹುಡುಗಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಗು ತಡೆದುಕೊಂಡು ಹೇಳಿದಳು, “ಇಲ್ರೀ ಸರ್. ಅದಕ್ಕ ಬರೋರು ಯಾರು ಅಂತ ಗೊತ್ತಾಗಂಗಿಲ್ಲ. ಅಲ್ಲಿ ಒಂದು ಜೋಡಿ ಕಣ್ಣು ಇರತಾವು ಅನ್ನೋದಷ್ಟ ಅದಕ್ಕ ಗೊತ್ತು.”

“ಹಂಗಾದ್ರ ಅದಕ್ಕ ಬುದ್ಧಿ ಎಲ್ಲಿ ಬಂತು?” ಎಂದ ಅಡಿವೆಪ್ಪ.

ಆ ಹುಡುಗಿ ಏನು ಮಾಡಬೇಕು? ಆ ವ್ಯವಸ್ಥೆಯನ್ನು ಬಂದ್ ಮಾಡುವ ಗುಂಡಿ ಯಾವುದು, ಬೇಕೆಂದಾಗ ಮತ್ತೆ ಚಾಲೂ ಮಾಡುವುದು ಹೇಗೆ ಎಂದು ಮಾಬುಸಾಬನಿಗೆ ತೋರಿಸಿ ಕಳಿಸಿದಳು. ಅಡಿವೆಪ್ಪ ಅಲ್ಲಿಗೇ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ಮೆಕ್ಯಾನಿಕ್ಕನನ್ನು ಹಿಡಿದು, ಬಂಪರಿನ ಮೇಲೆ ಇನ್ನೊಂದು ಸಾಲು ಭಾರೀ ದೀಪ ಹಾಕಿಸಿದ. ಅವಕ್ಕೆ ಬಾಗುವುದು ಗೊತ್ತೇ ಇರಲಿಲ್ಲ. “ನೇರ ಇರಬೇಕು, ನೆತ್ತಿ ಎತ್ತಿರಬೇಕು,” ಎಂದು ಹೇಳಿಯೇ ಹಾಕಿಸಿದ.

ಆಮೇಲೆ ಆ ಊರಿನಲ್ಲಿ ಏನೇನಾಯಿತು ಕೇಳಿ. ಸಂಜೆ ಅಡಿವೆಪ್ಪನ ಕಾರು ಊರೊಳಗೆ ತಿರುಗಿದ ಕೂಡಲೇ ಹುಂಜಗಳು ಕೂಗತೊಡಗಿದವು. ಗುಬ್ಬಿಗಳು ಗೂಡಿನಿಂದ ಎದ್ದು ಬಂದು ಕಾಳು ಹುಡುಕಿ, ಸಿಗದೆ ಗೊಂದಲಗೊಂಡು ತಂತಿಯ ಮೇಲೆ ಕೂತವು. ಮಾಳಿಗೆಯ ಮೇಲೆ ಆಗಷ್ಟೇ ಮಲಗಿದ್ದ ಒಬ್ಬ ಮುದುಕ ಎದ್ದು ಹಲ್ಲುಜ್ಜಿ, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಚಹಾ ಕೇಳಿದ. ಸೊಸೆ ಕೊಟ್ಟೂಬಿಟ್ಟಳು. ಈರಪ್ಪ ಮೊಪೆಡ್ ಬಿಟ್ಟು ಕಾಲುವೆಯ ಮೇಲೆ ನಡೆದು ಹೋಗತೊಡಗಿದ. ಅಡಿವೆಪ್ಪ ಮಾತ್ರ ಬಹಳ ಸಂತೋಷವಾಗಿದ್ದ. ಈಗ ಅವನ ದೀಪ ಯಾರಿಗೂ ಬಾಗುತ್ತಿರಲಿಲ್ಲ.

ಅಷ್ಟರಲ್ಲಿ ವಿಶಾಲಾಕ್ಷಿಗೆ ಒಂದು ಸಂಬಂಧ ಕೂಡಿಬಂತು. ಹುಡುಗ ದನದ ಡಾಕ್ಟರು. ಅವಳ ಶಾಲೆಯ ಊರಿಗೇ ದನದ ಆಸ್ಪತ್ರೆಗೆ ಬಂದವನು, ಇಬ್ಬರಿಗೂ ಮೊದಲೇ ಪರಿಚಯ, ಮನಸ್ಸೂ ಇತ್ತು. ಹುಡುಗನ ಅಪ್ಪ ಫಕೀರಗೌಡರು ದೂರದ ಊರಿನವರು. ಮಾತುಕತೆಯೆಲ್ಲ ಫೋನಿನಲ್ಲೇ. ಅಡಿವೆಪ್ಪ ಹೆಣ್ಣು ಗಂಡಿನ ವಿಷಯ ಮಾತಾಡಿದ್ದು ಕಡಿಮೆ, ತನ್ನ ದೀಪದ ವಿಷಯ ಮಾತಾಡಿದ್ದು ಹೆಚ್ಚು. ಫಕೀರಗೌಡರಿಗೂ ಅದು ಹಿಡಿಸಿತು. ಅವರೂ ಅದೇ ಮೆಕ್ಯಾನಿಕ್ಕನ ವಿಳಾಸ ಕೇಳಿಕೊಂಡು ಹೋಗಿ, ತಮ್ಮ ಗಾಡಿಗೂ ಅಂಥದೇ ದೀಪ ಹಾಕಿಸಿಕೊಂಡರು. ಆ ವಿಳಾಸ ಕೊಟ್ಟವರು ಯಾರು? ಅಡಿವೆಪ್ಪನೇ. ತನ್ನ ಕೈಯಾರೆ.

ಒಂದು ಭಾನುವಾರ ಸಂಜೆ ನಿಶ್ಚಯ ಕಾರ್ಯ. ಬೀಗರು ಹೈವೇ ದಾರಿಯಲ್ಲಿ ಬರುತ್ತೇವೆ ಎಂದಿದ್ದರು. ಅಡಿವೆಪ್ಪನ ಹೆಂಡತಿ ಶಿವಗಂಗವ್ವ ಗಂಡನ ಮುಂದೆ ಬಂದು ನಿಂತಳು.

“ಈ ಸಲ ನೀವು ಹೈವೇ ಕ್ರಾಸಿನ ತನಕ ಹೋಗಿ ಅವರನ್ನ ಎದುರುಗೊಂಡು ಕರಕೊಂಡು ಬರಬೇಕ್ರೀ. ಇಲ್ಲಂದ್ರ ಇವತ್ತು ಈ ಮನಿಯೊಳಗ ಒಲಿ ಹೊತ್ತಂಗಿಲ್ಲ.”

“ನಾ ಹೋಗೋದಾ?”

“ಕಾರಿನ್ಯಾಗ ಕುಂತು ಹೋಗ್ರಿ. ಕುಂತವರು ತಲಿ ಏನ್ ತಗ್ಗಿಸಬೇಕಾಗಿಲ್ಲ. ನಾನೂ ಬರತೀನಿ.”

ಅಡಿವೆಪ್ಪ ಯೋಚಿಸಿ ಒಪ್ಪಿಕೊಂಡ. ಡಿಕ್ಕಿಯಲ್ಲಿ ಬುಂದೆ ಉಂಡೆಯ ಬುಟ್ಟಿಗಳು, ಕರದಂಟಿನ ಡಬ್ಬಿಗಳು, ಬೀಗರಿಗೆಂದು ಒಳ್ಳೆಯ ಮೆಣಸಿನಕಾಯಿಯ ಚೀಲಗಳು. ಭಾರಕ್ಕೆ ಗಾಡಿಯ ಹಿಂಭಾಗ ಕೂತಿತು, ಮೂತಿ ಮೇಲೆದ್ದಿತು. ಬಾಗಬೇಕಾದ ದೀಪವನ್ನು ಬಂದ್ ಮಾಡಿಸಿದ್ದನಲ್ಲ, ಬೆಳಕು ಮನುಷ್ಯರ ಮುಖಕ್ಕೇ ಹೊಡೆಯುತ್ತಾ ಹೊರಟಿತು.

ಊರ ಮುಂದಿನ ಆ ಸೇತುವೆ ಒಂದೇ ಗಾಡಿ ಹಿಡಿಸುವಷ್ಟು ಅಗಲ. ಎರಡೂ ಬದಿಗೆ ತಡೆಗೋಡೆಯಿಲ್ಲ. ಕೆಳಗೆ ಮೊಣಕಾಲು ಮಟ್ಟ ನೀರು, ಸೊಂಟದ ಮಟ್ಟ ಕೆಸರು. ಅಡಿವೆಪ್ಪನ ಕಾರು ಸೇತುವೆಯ ಈ ತುದಿ ಹತ್ತಿದ ಹೊತ್ತಿಗೆ ಆ ತುದಿಯಿಂದ ಇನ್ನೊಂದು ಗಾಡಿ ಹತ್ತಿತು. ಅದರ ದೀಪವೂ ಹೀಗೇ. ನೇರ, ನೆತ್ತಿ ಎತ್ತಿದ ದೀಪ. ಎರಡು ಬೆಳಕೂ ಒಂದರ ಮುಖಕ್ಕೆ ಒಂದು ಹೊಡೆದವು. ಇಬ್ಬರಿಗೂ ಬಿಳುಪು ಬಿಟ್ಟು ಬೇರೇನೂ ಕಾಣದು. ಎರಡೂ ಗಾಡಿ ನಿಂತವು.

“ಡಿಮ್ ಮಾಡ್ಲೇನ್ರೀ?” ಎಂದ ಮಾಬುಸಾಬ.

“ಅಂವ ಮಾಡ್ಲಿ ಮೊದ್ಲ,” ಎಂದ ಅಡಿವೆಪ್ಪ.

ಆ ಗಾಡಿಯಲ್ಲೂ ಇದೇ ಮಾತು ನಡೆದಿತ್ತು ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಇವನು ಹಾರ್ನ್ ಒತ್ತಿಸಿದ, ಅವನು ಒತ್ತಿಸಿದ. ಇವನು ಉದ್ದಕ್ಕೆ ಒತ್ತಿಸಿದ, ಅವನು ಇನ್ನೂ ಉದ್ದಕ್ಕೆ. ಅಷ್ಟರಲ್ಲಿ ಅಡಿವೆಪ್ಪನ ಫೋನು ಬಡಿದುಕೊಂಡಿತು. ಫಕೀರಗೌಡರು.

“ಬೀಗ್ರ, ಹೈವೇದಾಗ ಕೆಲಸ ನಡದೈತಿ, ನಾವು ಕಾಲುವಿ ದಾರಿ ಹಿಡದ ಬಂದ್ವಿ. ನಿಮ್ಮ ಊರ ಹತ್ರನ ಅದೀವಿ. ಸ್ವಲ್ಪ ತಡ ಆಗತೈತಿ, ಸಿಟ್ಟಾಗಬ್ಯಾಡ್ರಿ. ಇಲ್ಲಿ ಒಬ್ಬ ಹುಚ್ಚ ಎದುರಿಗೆ ನಿಂತಾನ. ಲೈಟ್ ತಗ್ಗಸವಲ್ಲ.”

“ಏ, ತಡ ಆದ್ರ ಆಗ್ಲಿ ಬಿಡ್ರಿ,” ಎಂದ ಅಡಿವೆಪ್ಪ ಉದಾರವಾಗಿ. “ನನಗೂ ಇಲ್ಲೊಬ್ಬ ಅಂಥಾವನ ಗಂಟು ಬಿದ್ದಾನ. ಇಂಥವರಿಗೆಲ್ಲ ಸಲಿಗಿ ಕೊಡಬಾರದು ನೋಡ್ರಿ. ನೀವು ಮಾತ್ರ ತಗ್ಗಬ್ಯಾಡ್ರಿ.”

“ತಗ್ಗೋ ಮಾತ ಇಲ್ಲ. ನೀವೂ ಬಿಡಬ್ಯಾಡ್ರಿ.”

“ನಿಮ್ಮಂಥಾ ಬೀಗರು ಸಿಕ್ಕಿದ್ದು ನಮ್ಮ ಪುಣ್ಯ.”

ನಗಬೇಡಿ. ಇಬ್ಬರೂ ಮನಸ್ಸಿನಿಂದ ಹೇಳಿದ ಮಾತು. ಅಡಿವೆಪ್ಪನಿಗೆ ತನ್ನ ಜೀವನದಲ್ಲಿ ಮೊದಲ ಸಲ ಒಬ್ಬ ಮನುಷ್ಯ ತನ್ನನ್ನು ಪೂರ್ತಿ ಅರ್ಥ ಮಾಡಿಕೊಂಡಿದ್ದಾನೆ ಅನ್ನಿಸಿತು. ಹೊಸ ಹುರುಪಿನಿಂದ ಮತ್ತೊಮ್ಮೆ ಹಾರ್ನ್ ಒತ್ತಿಸಿದ.

ಅವತ್ತು ಊರಿನಲ್ಲಿ ಕರೆಂಟು ಇರಲಿಲ್ಲ. ಸೇತುವೆಯ ಮೇಲೆ ಹಗಲಾಗಿದೆ ಎಂದು ಸುದ್ದಿ ಹೋಯಿತು. ಜನ ಬಂದರು. ಹೆಂಗಸರು ಉಳ್ಳಾಗಡ್ಡಿ ರಾಶಿ ತಂದು ಆ ಬೆಳಕಿನ ಅಂಚಿನಲ್ಲಿ ಸುರುವಿ ದಪ್ಪದ್ದು ಸಣ್ಣದ್ದು ಬೇರೆ ಮಾಡುತ್ತಾ ಕೂತರು. ಕ್ಷೌರದವನು ಖುರ್ಚಿ ತಂದ. ಮಿರ್ಚಿಭಜಿ ಗಾಡಿ ಬಂತು. ಅಡಿವೆಪ್ಪ ಅದನ್ನೆಲ್ಲ ತನಗೆ ಬೆಂಬಲ ಎಂದು ತಿಳಿದ. ಉಳ್ಳಾಗಡ್ಡಿಯವರಿಗೆ ಬೇಕಾದದ್ದು ಬೆಳಕು. “ಇನ್ನ ಒಂದ ರಾಶಿ ಐತ್ರೀ ಸಾವ್ಕಾರ್ರ, ಈಗ ಸೋಲಬ್ಯಾಡ್ರಿ,” ಎಂದು ಒಬ್ಬಳು ಕಿಟಕಿಯಲ್ಲಿ ಬಗ್ಗಿ ಹೇಳಿ ಹೋದಳು. ಆ ತುದಿಯಲ್ಲೂ ಅದನ್ನೇ ಹೇಳಿ ಬಂದಳು.

ಫೋನು ಮತ್ತೆ ಬಂತು. ಈ ಸಲ ಬೀಗರು ಮಾತಾಡುತ್ತಿರುವಾಗಲೇ ಅಡಿವೆಪ್ಪ ಕೈ ಚಾಚಿ ತಾನೇ ಹಾರ್ನ್ ಒತ್ತಿದ. ಹಿಂದೆ ಕೂತಿದ್ದ ಶಿವಗಂಗವ್ವ ಕಿವಿ ನೆಟ್ಟಗೆ ಮಾಡಿದಳು. ಹಾರ್ನು ಹೊರಗೂ ಕೇಳಿಸಿತು, ಫೋನಿನ ಒಳಗಿಂದಲೂ ಕೇಳಿಸಿತು. ಅವಳು ಮುಂದೆ ಬಾಗಿ ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ ಕೇಳಿಸಿತು. ಗಂಡನ ಕೈಯಿಂದ ಫೋನು ಕಿತ್ತುಕೊಂಡಳು.

“ಬೀಗ್ರ, ಒಂದು ಮಾತು. ನಿಮ್ಮ ಎದುರಿಗೆ ನಿಂತಾನಲ್ರೀ ಆ ಹುಚ್ಚ, ಅಂವ ನಮ್ಮ ಮನಿಯವರ್ರೀ.”

ನೀವೇ ಹೇಳಿ, ಇಲ್ಲಿಗೆ ಕಥೆ ಮುಗಿಯಬೇಕಲ್ಲವೇ? ತಿಳಿಯದೆ ನಿಂತಿದ್ದರು, ತಿಳಿಯಿತು, ಇನ್ನೇನು, ನಕ್ಕು ದೀಪ ತಗ್ಗಿಸಬೇಕಲ್ಲವೇ? ಮನುಷ್ಯ ಅಷ್ಟು ಸುಲಭದವನಾಗಿದ್ದರೆ ನಾವು ನೀವು ಇಲ್ಲಿ ಪ್ರವಚನಕ್ಕೆ ಕೂಡಬೇಕಾಗಿರಲಿಲ್ಲ.

ಫೋನಿನಲ್ಲಿ ಗೌಡರು ಗಂಟಲು ಸರಿಮಾಡಿಕೊಂಡ ಸದ್ದು ಬಂತು. “ಹೌದೇನ್ರೀ. ಹಂಗಾದ್ರ ಹೆಣ್ಣಿನವರ ಮೊದ್ಲ ತಗ್ಗಸಬೇಕಲ್ರೀ. ಪದ್ಧತಿ.”

ಅಡಿವೆಪ್ಪನ ಮುಖ ಕೆಂಪಾಯಿತು. “ನಮ್ಮ ಊರಿಗೆ ಬಂದವರು ಅವರು. ಅವರ ಮೊದ್ಲ ತಗ್ಗಸಲಿ ಅನ್ನು.”

ಯಾರೋ ಎಂದುಕೊಂಡಾಗ ಹಟ ಇತ್ತು. ನಮ್ಮವರು ಎಂದು ತಿಳಿದ ಮೇಲೆ ಹಟ ಇಮ್ಮಡಿಯಾಯಿತು. ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ?

ಅಷ್ಟರಲ್ಲಿ ಶಿವಗಂಗವ್ವನ ಫೋನಿಗೆ ಮಗಳು ಫೋನು ಮಾಡಿದಳು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಕಾಯುತ್ತಾ ಕೂತವಳು. “ಅವ್ವಾ, ಎಲ್ಲೆದೀರಿ? ಅವರು ಬಂದ್ರೇನು?”

“ಬಂದಾರವ್ವ. ಸೇತುವಿ ಮ್ಯಾಲ ಅದೀವಿ.”

ವಿಶಾಲಾಕ್ಷಿ ಸಣ್ಣ ದನಿಯಲ್ಲಿ ಕೇಳಿದಳು, “ಅಪ್ಪ ಏನರ ಅಂದನೇನು?”

ಇಷ್ಟೇ. ಅಳಲಿಲ್ಲ, ಬಯ್ಯಲಿಲ್ಲ. ಅಪ್ಪ ಏನಾದರೂ ಅಂದನೇ ಎಂದು ಕೇಳಿದಳು. ಆ ಮಾತು ಅಡಿವೆಪ್ಪನ ಕಿವಿಗೆ ಬಿತ್ತು. ತನ್ನ ಮಗಳು ಇಷ್ಟು ವರ್ಷ ಪ್ರತಿ ಸಲವೂ ಇದನ್ನೇ ಕೇಳುತ್ತಾ ಬಂದಿರಬೇಕು ಎಂದು ಅವನಿಗೆ ಆಗ ಹೊಳೆಯಿತು. ಬಾಗಿಲು ತೆಗೆದು ಕೆಳಗಿಳಿದ. ಬಯ್ಯಲು ಇಳಿದನೋ, ಬೇಡಿಕೊಳ್ಳಲು ಇಳಿದನೋ, ಅವನಿಗೇ ತಿಳಿಯದು.

ಆ ಕಡೆಯಿಂದ ಗೌಡರೂ ಇಳಿದರು. ಇವನ ಕಣ್ಣಿಗೆ ಅವರ ದೀಪ, ಅವರ ಕಣ್ಣಿಗೆ ಇವನ ದೀಪ. ಇಬ್ಬರೂ ಕಣ್ಣಿಗೆ ಕೈ ಅಡ್ಡ ಹಿಡಿದು ಬಿಳುಪಿನಲ್ಲಿ ತಡಕಾಡುತ್ತಾ ನಡೆದರು. ಸೇತುವೆಯ ಅಂಚು ಎಲ್ಲಿದೆ? ಇಬ್ಬರಿಗೂ ಕಾಣದು. “ಸಾವ್ಕಾರ್ರ, ಎಡಕ್ಕ ಬ್ಯಾಡ್ರಿ,” ಎಂದು ಮಾಬುಸಾಬ ಕೂಗಿದ. ಅಡಿವೆಪ್ಪ ಬಲಕ್ಕೆ ಸರಿದ. ಅಲ್ಲಿಯೂ ಸೇತುವೆ ಮುಗಿದಿತ್ತು. ದೊಪ್ಪನೆ ಬಿದ್ದ. ಅವನು ಏಳುವುದರೊಳಗೆ ಪಕ್ಕದಲ್ಲೇ ಇನ್ನೊಂದು ದೊಪ್ಪನೆ ಸದ್ದು.

ಈಗ ನೋಡಿ. ಆ ಊರಿನಲ್ಲಿ ಅಷ್ಟು ಬೆಳಕು ಯಾವತ್ತೂ ಇರಲಿಲ್ಲ. ಆ ಬೆಳಕಷ್ಟೂ ತಲೆಯ ಮೇಲಿಂದ ಹಾದು ಹೋಗುತ್ತಿದೆ. ಕೆಳಗೆ ಬಿದ್ದ ಇಬ್ಬರಿಗೆ ಒಂದು ಹನಿಯೂ ಇಲ್ಲ.

“ಬೀಗ್ರ,” ಎಂದರು ಗೌಡರು. ಸಣ್ಣ ದನಿ. “ನೀವೇನು? ನನಗ ಏನೂ ಕಾಣವಲ್ಲದ್ರೀ. ಕಣ್ಣು ಮುಚ್ಚಿದ್ರೂ ಬೆಳ್ಳಗ ಕಾಣತೈತಿ. ಕಣ್ಣು ಹೋದ್ವೇನ್ರೀ?”

ಅಡಿವೆಪ್ಪ ಗಾಬರಿಯಾದ. ಅವರ ಕಣ್ಣೊಳಗೆ ತುಂಬಿಕೊಂಡದ್ದು ತನ್ನ ದೀಪ. ಕೆಸರಿನಲ್ಲಿ ಕೈಯಾಡಿಸಿ ಅವರ ಕೈ ಹುಡುಕಿ ಹಿಡಿದುಕೊಂಡ. “ಹೋಗಂಗಿಲ್ರೀ. ಸ್ವಲ್ಪ ಹೊತ್ತು ಸುಮ್ನ ಕೂಡ್ರಿ. ನನಗೂ ಹಂಗ ಆಗೈತಿ.”

ಇಬ್ಬರೂ ಕೆಸರಿನಲ್ಲಿ ಕೈ ಹಿಡಿದುಕೊಂಡು ಕೂತರು.

“ನೀವು ಈಗ ತಗ್ಗಸ್ತೀರಿ, ಇನ್ನೇನು ತಗ್ಗಸ್ತೀರಿ ಅಂತ ಕುಂತಿದ್ದೆ,” ಎಂದರು ಗೌಡರು.

“ನಾನೂ ಅದನ್ನ ಕಾಯ್ಕೋತ ಕುಂತಿದ್ದೆ.”

“ನಾವು ಹೊರಡುವಾಗ ನನ್ನ ಮಗ ಅಂದಿದ್ದ. ಅಪ್ಪಾ, ಅಕಿಗೆ ನೋವು ಆಗೋ ಹಂಗ ಏನೂ ಮಾತಾಡಬ್ಯಾಡ ಅಂತ. ನಾ ಮಾತಾಡೂದಕ್ಕಿಂತ ಮೊದಲ ನೋವು ಮಾಡಿದೆ ನೋಡ್ರಿ.”

ಅಡಿವೆಪ್ಪ ಆ ಕತ್ತಲೆಯಲ್ಲಿ, ನೋಡುವವರು ಯಾರೂ ಇಲ್ಲದಲ್ಲಿ, ಕೆಸರು ಮೆತ್ತಿದ ಎರಡೂ ಕೈ ಜೋಡಿಸಿದ. “ತಪ್ಪಾತ್ರೀ ಬೀಗ್ರ,” ಎಂದ. ಗೌಡರಿಗೆ ಅದು ಕಾಣಲಿಲ್ಲ, ಕೇಳಿಸಿತು ಅಷ್ಟೇ. ಆದರೆ ಮಾಡಿದವನಿಗೆ ಗೊತ್ತಲ್ಲ? ಅಷ್ಟು ಸಾಕು.

ಮೇಲೆ ಏನಾಗುತ್ತಿತ್ತು? ಬೀಗರಿಬ್ಬರೂ ಬಿದ್ದ ಸದ್ದು ಕೇಳಿದ ಶಿವಗಂಗವ್ವ ಮಾಬುಸಾಬನಿಗೆ ಹೇಳಿದಳು, “ಆ ಹೆಚ್ಚಿನ ದೀಪ ಆರಸಪ್ಪ. ಶೋರೂಮಿನ ಹುಡುಗಿ ತೋರಿಸಿದ್ದ ಗುಂಡಿ ಒತ್ತು.” ಮಾಬುಸಾಬ ಒತ್ತಿದ. ಕಾರಿನ ದೀಪ ತನ್ನ ಕೆಲಸ ತಾನು ಮಾಡಿತು. ಎದುರಿನ ಗಾಡಿಯವರ ಕಣ್ಣಿಗೆ ಬೀಳುವಷ್ಟು ಜಾಗ ಬಿಟ್ಟು ಉಳಿದ ಕಡೆಗೆಲ್ಲ ಬೆಳಕು ಚೆಲ್ಲಿತು. ಆ ಗಾಡಿಯವರಿಗೆ ಕಣ್ಣು ಬಿಡಲು ಬಂತು. ಅವರೂ ತಗ್ಗಿಸಿದರು. ಆಗ ಸೇತುವೆ ಕಂಡಿತು, ಅಂಚು ಕಂಡಿತು, ಎದುರಿನ ಮುಖಗಳು ಕಂಡವು. ಶಿವಗಂಗವ್ವ, ಆ ಗಾಡಿಯಲ್ಲಿದ್ದ ಗೌಡರ ಹೆಂಡತಿ, ಬೀಗತಿಯರಿಬ್ಬರೂ ಒಟ್ಟಿಗೇ ಕೈ ಮುಗಿದರು. ಯಾರು ಮೊದಲು ಎಂದು ಯಾರೂ ನೋಡಲಿಲ್ಲ. ಉಳ್ಳಾಗಡ್ಡಿಯವರು ಮಾತ್ರ ಬೆಳಕು ಕಡಿಮೆಯಾಯಿತು ಎಂದು ಗೊಣಗಿದರು. ಗೊಣಗುತ್ತಲೇ ಹಗ್ಗ ತಂದು ಇಬ್ಬರನ್ನೂ ಮೇಲೆಳೆದರು.

ನಿಶ್ಚಯ ಆಯಿತು. ಬೀಗರಿಬ್ಬರೂ ಮಿಂದು, ಯಾರದೋ ಧೋತರ ಉಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ಜೊತೆಯಾಗಿ ಜಮಖಾನೆಯ ಮೇಲೆ ಕೂತರು. ವಿಶಾಲಾಕ್ಷಿ ಇಬ್ಬರ ಕಾಲಿಗೂ ಬಿದ್ದು ಎದ್ದು ಕೇಳಿದಳು, “ಕಡೀಕ ಯಾರು ಮೊದ್ಲ ತಗ್ಗಸಿದ್ರು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಿಮ್ಮವ್ವ,” ಎಂದ ಅಡಿವೆಪ್ಪ.

ಕಥೆ ಇಷ್ಟು. ನಕ್ಕಿರಿ, ಒಳ್ಳೆಯದು. ಈಗ ಕೇಳುತ್ತೇನೆ, ಅಂಥ ಕಾರು ನಿಮ್ಮಲ್ಲಿ ಯಾರ ಹತ್ತಿರ ಇದೆ? ಒಂದು ಕೈಯೂ ಏಳುತ್ತಿಲ್ಲ. ಕಾರು ಇಲ್ಲ, ಸರಿ. ಬೆಳಕು ಇದೆಯಲ್ಲ? ಒಬ್ಬರಿಗೆ ತಾವು ಓದಿದವರೆಂಬ ಬೆಳಕು. ಒಬ್ಬ ತಾಯಿಗೆ ಇಷ್ಟು ವರ್ಷ ಒಲೆಯ ಮುಂದೆ ಕೂತು ಕಲಿತ ಅಡುಗೆಯ ಬೆಳಕು. ಸುಳ್ಳು ಬೆಳಕಲ್ಲ, ನಿಜವಾದದ್ದೇ. ಪ್ರಶ್ನೆ ಅದಲ್ಲ. ಅದು ಬೀಳುತ್ತಿರುವುದು ಎಲ್ಲಿ? ದಾರಿಯ ಮೇಲೋ, ಎದುರಿನವರ ಕಣ್ಣಿನ ಮೇಲೋ?

ಬೆಳಕು ಆರಿಸಿಬಿಡಿ ಎಂದು ಯಾರೂ ಹೇಳುತ್ತಿಲ್ಲ. ಆ ಕಾರಿನ ದೀಪ ಪೂರ್ತಿ ಆರುತ್ತಿತ್ತೇ? ಇಲ್ಲ. ಕಣ್ಣಿಗೆ ಚುಚ್ಚುವ ತುಂಡು ಮಾತ್ರ ಆರುತ್ತಿತ್ತು. ಸೊಸೆ ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತು. ‘ಉಪ್ಪು ಹೆಚ್ಚಾಗಿದೆ, ನಾಳೆ ನೋಡಿ ಹಾಕು.’ ಇದು ದಾರಿಯ ಬೆಳಕು, ಹೇಳಿ. ‘ನಿಮ್ಮ ತವರಲ್ಲಿ ಹೀಗೇ ಉಣ್ಣುತ್ತಾರೇನು?’ ಇದು ಕಣ್ಣಿಗೆ ಹೊಡೆಯುವ ತುಂಡು. ಆ ಒಂದು ತುಂಡು ಆರಿಸಿ. ಮಗನಿಗೆ ಲೆಕ್ಕ ಬರಲಿಲ್ಲ. ‘ಬಾ, ಎಲ್ಲಿ ತಪ್ಪಿತು ನೋಡೋಣ’ ಎನ್ನಿ. ‘ಪಕ್ಕದ ಮನೆಯವನನ್ನು ನೋಡಿ ಕಲಿ’ ಎಂಬ ತುಂಡು ಆರಿಸಿ. ಮಾತು ನಿಲ್ಲುವುದಿಲ್ಲ, ದಾರಿ ಕತ್ತಲಾಗುವುದಿಲ್ಲ. ಎದುರಿನವರು ಕಣ್ಣು ಬಿಟ್ಟು ನಡೆಯುತ್ತಾರೆ.

ಇನ್ನು ಭಾರದ ಮಾತು. ಡಿಕ್ಕಿ ತುಂಬಿದಾಗ ಮೂತಿ ಮೇಲೇಳುತ್ತದೆ. ನಮಗೂ ಹಾಗೇ. ಈ ವರ್ಷ ಬೆಳೆ ಚೆನ್ನಾಗಿ ಬಂತು, ಮಗಳಿಗೆ ನೌಕರಿಯಾಯಿತು, ಮಾಳಿಗೆ ಮೇಲೆ ಇನ್ನೊಂದು ಮಾಳಿಗೆ ಎದ್ದಿತು. ಸಂತೋಷಪಡಿ. ಅವತ್ತೇ ನೆನಪಿಟ್ಟು ದೀಪ ಒಂದಿಷ್ಟು ಕೆಳಗೆ ಮಾಡಿ. ಯಾರಿಗೆ ತಗ್ಗಿಸಬೇಕು, ಅವರು ದೊಡ್ಡವರೋ ಸಣ್ಣವರೋ ಎಂದು ಕೇಳಬೇಡಿ. ಅಲ್ಲಿ ಒಂದು ಜೋಡಿ ಕಣ್ಣಿದೆ, ಅಷ್ಟು ಗೊತ್ತಾದರೆ ಸಾಕು. ಅವರು ಮೊದಲು ತಗ್ಗಿಸಲಿ ಎಂದು ಕಾಯುತ್ತಾ ಕೂತ ಅಣ್ಣತಮ್ಮಂದಿರು, ಗಂಡಹೆಂಡಿರು, ಅತ್ತೆ ಸೊಸೆಯರು ಈ ಸಭೆಯಲ್ಲೇ ಎಷ್ಟು ಜನ ಇದ್ದಾರೋ. ಇವತ್ತು ಮನೆಗೆ ಹೋದ ಮೇಲೆ ಮಾತು ಬಿಟ್ಟವರಲ್ಲಿ ಒಬ್ಬರನ್ನಾದರೂ ನೀವಾಗಿ ಮಾತಾಡಿಸಿ. ‘ಉಂಡ್ರೇನು?’ ಎಂದು ಕೇಳಿದರೂ ನಡೆಯುತ್ತದೆ.

ಮನೆಯವರೆಗೂ ಯಾಕೆ ಹೋಗಬೇಕು? ಹೊರಗೆ ನಿಮ್ಮ ಗಾಡಿಗಳು ನಿಂತಿವೆ. ಮಂಗಳ ಮುಗಿದ ಕೂಡಲೇ ಎಲ್ಲರಿಗೂ ಅವಸರ. ತಾಯಂದಿರು ಮಕ್ಕಳ ಕೈ ಹಿಡಿದುಕೊಂಡು ಅದೇ ರಸ್ತೆಯಲ್ಲಿ ನಡೆದು ಹೋಗುತ್ತಾರೆ. ಬೈಕು ಚಾಲೂ ಮಾಡಿದಾಗ ಎಡಗೈ ಹೆಬ್ಬೆರಳಿನ ಹತ್ತಿರ ದೀಪದ ಒಂದು ಗುಂಡಿ ಇರುತ್ತದೆ. ಅದನ್ನು ಕೆಳಗೆ ಒತ್ತಿ. ಅಲ್ಲಿಂದ ಶುರುಮಾಡಿ.